ನೇರಳೆ ಬೆರಳು: ಬೇರ್ಪಡಿಸುವ ವಿದ್ಯೆಯ ಒಂದಿಷ್ಟು ಚರಿತ್ರೆ

ದಸರೆಯ ರಜೆ ಮುಗಿದ ಹೊಸತು. ಒಂದು ಸಂಜೆ ಧಾರವಾಡದ ಕಡೆಯ ಕುಟುಂಬವೊಂದು ನಮ್ಮ ಮನೆಗೆ ಬಂದಿತ್ತು. ತಂದೆ ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ನಾಗಪುರಕ್ಕೆ ಬಂದವರು. ಮಗಳು ಸಿವಿಲ್ ಲೈನ್ಸಿನ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾಳೆ. ನಮ್ಮಾಕೆ ಅವಲಕ್ಕಿ ತಂದಿಟ್ಟರೆ ಹುಡುಗಿ ತಟ್ಟೆಗೆ ಕೈ ಹಾಕಲು ಹಿಂದೆಮುಂದೆ ನೋಡುತ್ತಿದ್ದಳು. ಬಲಗೈಯ ಮೂರು ಬೆರಳು ನೇರಳೆ ಹಣ್ಣು ತಿಂದವರ ನಾಲಿಗೆಯ ಹಾಗೆ ಕಪ್ಪುನೀಲಿಯಾಗಿದ್ದವು.

"ನೋಡ್ರಿ, ಎರಡು ದಿವಸ ಆತು, ಎಷ್ಟು ತಿಕ್ಕಿದರೂ ಹೋಗವಲ್ದು. ಏನರ ರೋಗ ಐತೇನೋ ಅಂತ ನನಗ ಹೆದರಿಕಿ" ಎಂದರು ತಾಯಿ.

"ರೋಗ ಅಲ್ಲ ಅವ್ವಾ, ನಿನ್‌ಹೈಡ್ರಿನ್. ಅಜ್ಜಾ, ನೀವರ ಹೇಳ್ರಿ ಅವ್ವಗ" ಎಂದು ಹುಡುಗಿ ನನ್ನತ್ತ ತಿರುಗಿದಳು. ಮೂವತ್ತು ವರ್ಷ ಪ್ರಯೋಗಶಾಲೆಯಲ್ಲಿ ಗಾಜು ತೊಳೆದು, ತೊಳೆಸಿ, ನಿವೃತ್ತನಾದವನು ನಾನು. ಆ ಬಣ್ಣವನ್ನು ಕಂಡು ಹಳೆಯ ಗೆಳೆಯ ಎದುರು ಸಿಕ್ಕಷ್ಟು ಸಂತೋಷವಾಯಿತು.

ನಿನ್‌ಹೈಡ್ರಿನ್ ಎಂಬುದು ಒಂದು ರಾಸಾಯನಿಕ. 1910ರಲ್ಲಿ ರೂಹೆಮನ್ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದನು. ಅಮೈನೋ ಆಮ್ಲ ಸಿಕ್ಕಿದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಬೆವರಿನಲ್ಲಿಯೂ ಅಮೈನೋ ಆಮ್ಲವಿದೆ, ಆದ್ದರಿಂದ ಕೈಚೀಲ ಹಾಕದೆ ಮುಟ್ಟಿದವರ ಬೆರಳಿಗೆ ಈ ಶಿಕ್ಷೆ. ನಾಲ್ಕಾರು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಕಾಗದದ ಮೇಲಿನ ಬೆರಳಚ್ಚು ಕಾಣಿಸಲು ಪೊಲೀಸರೂ ಇದನ್ನೇ ಬಳಸುತ್ತಾರೆ ಎಂದು ಹೇಳಿದ ಮೇಲೆ ತಾಯಿಗೆ ಸ್ವಲ್ಪ ಧೈರ್ಯ ಬಂತು. ಆದರೆ ಅವರ ಮುಂದಿನ ಪ್ರಶ್ನೆಗೆ ಒಂದು ಸಂಜೆಯಲ್ಲಿ ಉತ್ತರ ಹೇಳಲಾಗಲಿಲ್ಲ. "ಇದನ್ನ ಕಲತು ಏನ್ ಮಾಡೋದೈತ್ರಿ? ಪುಸ್ತಕದಾಗ ಓದಿದರ ಸಾಲದೇನು?" ಈ ಲೇಖನ ಆ ತಾಯಿಗೆ ಬರೆದದ್ದು. ನಮ್ಮ ಸಂಘದ ಉಳಿದ ತಾಯಂದಿರೂ ಓದಬಹುದು.

ಹಾಲು ನೀರು ಬೆರೆತಿದ್ದರೆ ಹಾಲನ್ನಷ್ಟೇ ಕುಡಿಯುವ ಹಂಸದ ಮಾತನ್ನು ನಾವೆಲ್ಲ ಕೇಳಿದ್ದೇವೆ. ಜೀವರಸಾಯನ ಶಾಸ್ತ್ರದ ಅರ್ಧ ಭಾಗ ಈ ಹಂಸನ ಕೆಲಸವೇ. ಹಾಲಿರಲಿ, ರಕ್ತವಿರಲಿ, ನೆನೆಹಾಕಿದ ಕಾಳಿರಲಿ, ಜೀವದಿಂದ ಬಂದ ವಸ್ತುವೆಂದರೆ ಸಾವಿರ ಪದಾರ್ಥಗಳ ಸಂತೆ. ಅದರಲ್ಲಿ ಒಂದನ್ನು ಕೆಡದಂತೆ ಹೊರಗೆ ತೆಗೆದು, ಇದು ಇದೇ, ಬೇರೆ ಯಾವುದೂ ಇದಕ್ಕೆ ಅಂಟಿಕೊಂಡಿಲ್ಲ ಎಂದು ತೋರಿಸದ ಹೊರತು ಅದರ ಗುಣವನ್ನು ಕುರಿತು ಏನೂ ಹೇಳುವಂತಿಲ್ಲ. ಅಡಿಗೆಮನೆಯಲ್ಲಿ ನಾವು ಜರಡಿ ಹಿಡಿಯುತ್ತೇವೆ, ಮೊರದಲ್ಲಿ ಕೇರುತ್ತೇವೆ, ಹಾಲಿಗೆ ನಿಂಬೆ ಹಿಂಡಿ ಒಡೆಸುತ್ತೇವೆ. ಪ್ರಯೋಗಶಾಲೆಯ ಮೊದಲ ಪಾಠವೂ ಬಹುಮಟ್ಟಿಗೆ ಇದೇ. ಹಾಲಿನ ಹುಳಿಯನ್ನು ಒಂದು ಗೊತ್ತಾದ ಅಳತೆಗೆ, ಅಂದರೆ ಪಿ.ಎಚ್. 4.6ಕ್ಕೆ ತಂದರೆ ಕೇಸೀನ್ ಎಂಬ ಪ್ರೋಟೀನು ಗರಣೆಗಟ್ಟಿ ಕೆಳಗೆ ಕೂರುತ್ತದೆ. ಹೆಚ್ಚು ಹುಳಿ ಸುರಿದರೆ ಮತ್ತೆ ಕರಗಿಹೋಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಪುಸ್ತಕ ಹೇಳುತ್ತದೆ ನಿಜ, ನಿಲ್ಲಿಸಬೇಕಾದದ್ದು ಮಾತ್ರ ಕೈ.

ಒಡೆಸುವುದು, ಸೋಸುವುದು ಹಳೆಯ ವಿದ್ಯೆ. ಒಂದನ್ನೊಂದು ತೀರ ಹೋಲುವ ಪದಾರ್ಥಗಳನ್ನು ಬಿಡಿಸುವ ಹೊಸ ವಿದ್ಯೆ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಂಬವನಿಂದ ಬಂತು. ವಾರ್ಸಾದಲ್ಲಿ ಕೆಲಸ ಮಾಡುತ್ತಿದ್ದ ಅವನು ಎಲೆಯ ಹಸಿರನ್ನು ಪೆಟ್ರೋಲಿಯಂ ಈಥರಿನಲ್ಲಿ ಕರಗಿಸಿ, ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೇಲಿನಿಂದ ಇಳಿಬಿಟ್ಟನು. ನಮ್ಮ ಮನೆಯ ಕಾಫಿ ಫಿಲ್ಟರನ್ನು ನೆನೆಸಿಕೊಳ್ಳಿ. ಡಿಕಾಕ್ಷನ್ನಿನ ಬದಲು ಅವನಿಗೆ ಇಳಿದದ್ದು ಬಣ್ಣದ ಪಟ್ಟಿಗಳು, ಹಸಿರು ಬೇರೆ, ಹಳದಿ ಬೇರೆ. ಸುಣ್ಣಕ್ಕೆ ಹೆಚ್ಚು ಅಂಟಿಕೊಳ್ಳುವ ಬಣ್ಣ ಹಿಂದೆ ಉಳಿಯಿತು, ಕಡಿಮೆ ಅಂಟುವುದು ಮುಂದೆ ಓಡಿತು, ಅಷ್ಟೇ ಇದರ ರಹಸ್ಯ. 1906ರಲ್ಲಿ ಜರ್ಮನ್ ಪತ್ರಿಕೆಯಲ್ಲಿ ಇದನ್ನು ವಿವರಿಸಿ ಕ್ರೊಮಟೋಗ್ರಫಿ, ಎಂದರೆ ಬಣ್ಣದ ಬರಹ ಎಂದು ಹೆಸರಿಟ್ಟನು. ತಮಾಷೆಯೆಂದರೆ ಸ್ವೆಟ್ ಎಂಬುದಕ್ಕೂ ರಷ್ಯನ್ ಭಾಷೆಯಲ್ಲಿ ಬಣ್ಣವೆಂದೇ ಅರ್ಥ. ದೊಡ್ಡವರು ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. 1919ರಲ್ಲಿ ತೀರಿಕೊಂಡನು. ಅವನ ಕೊಳವೆ ಮತ್ತೆ ಬಳಕೆಗೆ ಬರಲು 1930ರ ನಂತರದ ವರ್ಷಗಳನ್ನು ಕಾಯಬೇಕಾಯಿತು.

ಆಮೇಲೆ ಇಂಗ್ಲೆಂಡಿನ ಲೀಡ್ಸ್ ಊರು. ಉಣ್ಣೆಯ ಉದ್ಯಮದವರ ಸಂಶೋಧನಾ ಸಂಸ್ಥೆಯಲ್ಲಿ ಮಾರ್ಟಿನ್ ಮತ್ತು ಸಿಂಜ್ ಎಂಬ ಇಬ್ಬರು ಉಣ್ಣೆಯ ಪ್ರೋಟೀನನ್ನು ಒಡೆದು ಅದರ ಅಮೈನೋ ಆಮ್ಲಗಳನ್ನು ಬಿಡಿಸಲು ಹೆಣಗುತ್ತಿದ್ದರು. 1941ರಲ್ಲಿ ಅವರು ಹೊಸ ಬಗೆಯ ಕ್ರೊಮಟೋಗ್ರಫಿಯನ್ನು ಹೊರಗೆಡಹಿದರು. 1944ರಲ್ಲಿ ಮಾರ್ಟಿನ್ ತನ್ನ ಜತೆಗಾರರೊಡನೆ ಕೊಳವೆಯನ್ನೂ ಬಿಟ್ಟು, ಬರಿಯ ಸೋಸುಕಾಗದದ ಹಾಳೆಯ ಮೇಲೆಯೇ ಆ ಕೆಲಸ ಮಾಡಿ ತೋರಿಸಿದನು. ಬಣ್ಣವಿಲ್ಲದ ಅಮೈನೋ ಆಮ್ಲಗಳು ಕಾಣಿಸಬೇಕಲ್ಲ, ಅದಕ್ಕೆ ನಿನ್‌ಹೈಡ್ರಿನ್ ಸಿಂಪಡಿಸುವುದು. 1952ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಈ ಇಸವಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿತು, 1911ರಲ್ಲಿ ವಿದ್ಯಾರ್ಥಿಗಳು ಬಂದರು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಬೇರ್ಪಡಿಸುವ ವಿದ್ಯೆಯಲ್ಲಿ ಪಳಗಿದ ಕೈ. 1898ರಲ್ಲಿ ರಾಮ್ಸೆಯ ಜತೆಗೂಡಿ ದ್ರವರೂಪದ ಗಾಳಿಯನ್ನು ಬಟ್ಟಿಯಿಳಿಸಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಮೂರು ಅನಿಲಗಳನ್ನು ಹೊರತೆಗೆದವನು. ಆ ಸಂಸ್ಥೆಯ ಬಟ್ಟಿಯ ವಿದ್ಯೆ ನಮ್ಮ ಮನೆಗಳಿಗೂ ಬಂದಿದೆ. ಮೈಸೂರು ಸೀಮೆಯ ಗಂಧದ ಮರ ಹರಾಜಾಗಿ ಹೆಚ್ಚಿನ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧ ಬಂದು ಹಡಗು ನಿಂತಿತು, ಮರ ಬಿದ್ದುಕೊಂಡಿತು. ಆಗ ಸಂಸ್ಥೆಯ ರಸಾಯನಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಇಳಿಸುವ ಕ್ರಮವನ್ನು ಕಂಡುಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯಾಯಿತು, ಮೈಸೂರಿನಲ್ಲಿ ಇನ್ನೊಂದು, ಅದರ ಬೆನ್ನಿಗೇ ಸಾಬೂನು. ಊರಿನಿಂದ ಬರುವ ನೆಂಟರ ಚೀಲದಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಪೊಟ್ಟಣ ಇಲ್ಲದೆ ಹೋದರೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮುಖ ಗಂಟಿಕ್ಕುವುದಿಲ್ಲ!

1921ರಲ್ಲಿ ಆ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ಆರಂಭವಾಯಿತು. ದೇಶದಲ್ಲಿ ಈ ವಿದ್ಯೆಯನ್ನು ಕೈಯಾರೆ ಕಲಿಸುವ ಜಾಗಗಳು ಬೆರಳೆಣಿಕೆಯಷ್ಟಿದ್ದ ಕಾಲ. ಆದರೆ ಕಲಿಯಲು ಬಂದವರೆಲ್ಲರಿಗೂ ಬಾಗಿಲು ತೆರೆದಿತ್ತೆ?

1933ರಲ್ಲಿ ಮುಂಬಯಿಯಿಂದ ಒಬ್ಬ ಹುಡುಗಿ ಅರ್ಜಿ ಹಾಕಿದಳು. ಹೆಸರು ಕಮಲಾ ಭಾಗವತ್, ಮುಂದೆ ಕಮಲಾ ಸೋಹೋನಿ ಎಂದು ಪ್ರಸಿದ್ಧಳಾದವಳು. ಬಿ.ಎಸ್‌ಸಿ.ಯಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೇ ಮೊದಲು ಬಂದಿದ್ದಳು. ತಂದೆಯೂ ಚಿಕ್ಕಪ್ಪನೂ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಸಾಯನಶಾಸ್ತ್ರ ಓದಿದವರು. ಅರ್ಜಿ ತಿರಸ್ಕಾರವಾಯಿತು. ಕಾರಣ ಒಂದೇ, ಆಕೆ ಹೆಣ್ಣು. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹುಡುಗಿ ನೇರವಾಗಿ ಬೆಂಗಳೂರಿಗೆ ಹೋಗಿ ಅವರೆದುರು ನಿಂತು ಕಾರಣ ಕೇಳಿದಳು, ಸೇರಿಸಿಕೊಳ್ಳುವವರೆಗೆ ಬಿಡಲಿಲ್ಲ. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತಿನ ಮೇಲೆ: ಒಂದು ವರ್ಷ ಪರೀಕ್ಷಾರ್ಥ ಇರಬೇಕು, ಗುರುಗಳು ಹೇಳಿದರೆ ಅಪರಾತ್ರಿಯವರೆಗೂ ದುಡಿಯಬೇಕು, ಪ್ರಯೋಗಶಾಲೆಯ ವಾತಾವರಣ ಕೆಡಿಸಬಾರದು. ಗಂಡುಹುಡುಗರ ಮನಸ್ಸು ಚಂಚಲವಾದರೆ ಅದು ಹುಡುಗಿಯ ತಪ್ಪು ಎಂದು ಇದರ ಅರ್ಥ. ಆ ಅವಮಾನವನ್ನು ತಾನು ಎಂದೂ ಮರೆಯಲಿಲ್ಲವೆಂದು ಆಕೆ ಮುಪ್ಪಿನಲ್ಲಿಯೂ ಹೇಳಿದ್ದುಂಟು.

ಗುರುಗಳಾಗಿ ಸಿಕ್ಕಿದವರು ಎಂ. ಶ್ರೀನಿವಾಸಯ್ಯ. ಅವರ ಕೈಕೆಳಗೆ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ನಡೆಯಿತು. ನಾವು ದಿನಾ ಸಾರಿಗೆ ಹಾಕುವ ಬೇಳೆಯೇ. ವರ್ಷ ಕಳೆದ ಮೇಲೆ ರಾಮನ್ ಆಕೆಯ ಕೆಲಸ ನೋಡಿ ಮೆಚ್ಚಿದರು, ಆ ಮೇಲೆ ಹುಡುಗಿಯರಿಗೆ ಅಲ್ಲಿ ಪ್ರವೇಶ ದೊರೆಯುವಂತಾಯಿತು. ಕಮಲಾ ಅಲ್ಲಿಂದ ಕೇಂಬ್ರಿಜ್ಜಿಗೆ ಹೋಗಿ, ಆಲೂಗಡ್ಡೆಯಿಂದ ಆರಂಭಿಸಿ, ಸೈಟೋಕ್ರೋಮ್ ಸಿ ಎಂಬ ಉಸಿರಾಟದ ಪ್ರೋಟೀನು ಗಿಡಗಳ ಜೀವಕೋಶಗಳಲ್ಲಿಯೂ ಇದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರ ಹೆಸರನ್ನೇ ಹೇಳುವುದು ವಾಡಿಕೆ. ಅವರು ತೀರಿಕೊಂಡದ್ದು 1998ರಲ್ಲಿ.

ರಾಮನ್ನರ ವಿಷಯ ಬಂತು, ಒಂದು ಮಾತು. ವಿಜ್ಞಾನಕ್ಕೆ ಪೂರ್ತಿಯಾಗಿ ಬರುವ ಮೊದಲು ಅವರು ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದರಷ್ಟೆ. ರಂಗೂನಿನಿಂದ ವರ್ಗವಾಗಿ 1910ರಲ್ಲಿ ಕೆಲಕಾಲ ನಮ್ಮ ಈ ನಾಗಪುರದಲ್ಲಿಯೇ ನೌಕರಿ ಮಾಡಿದ್ದರು. ವರ್ಗದ ಆರ್ಡರು ಹಿಡಿದುಕೊಂಡು ಈ ಬಿಸಿಲಿಗೆ ಬಂದಿಳಿದವರಲ್ಲಿ ನಾವೇ ಮೊದಲಿಗರಲ್ಲ. ಅವರು ದೊಡ್ಡವರು, ಸಂದೇಹವಿಲ್ಲ. 1933ರಲ್ಲಿ ಅವರು ಮಾಡಿದ್ದು ಸಣ್ಣತನ, ಅದರಲ್ಲಿಯೂ ಸಂದೇಹವಿಲ್ಲ.

ಇನ್ನು ನಾಗಪುರ. ಸೆಂಟ್ರಲ್ ಪ್ರಾವಿನ್ಸಿನ ರಾಜಧಾನಿಯಾಗಿದ್ದ ಕಾಲದಲ್ಲಿ ಸಾಹೇಬರು ಬಂಗಲೆ ಕಟ್ಟಿಕೊಂಡ ಜಾಗ ಈ ಸಿವಿಲ್ ಲೈನ್ಸ್. ಅಗಲವಾದ ರಸ್ತೆ, ದೊಡ್ಡ ಮರ, ಕಚೇರಿ, ಕೋರ್ಟು. ಇಲ್ಲಿರುವ ಹಿಸ್ಲಾಪ್ ಕಾಲೇಜು 1883ರಷ್ಟು ಹಿಂದಿನದು. ಈಗಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ 1906ರಲ್ಲಿ ವಿಕ್ಟೋರಿಯಾ ಕಾಲೇಜ್ ಆಫ್ ಸೈನ್ಸ್ ಎಂದು ಆರಂಭವಾದದ್ದು. ಸ್ವೆಟ್ ತನ್ನ ಬಣ್ಣದ ಪಟ್ಟಿಗಳನ್ನು ಲೋಕಕ್ಕೆ ತಿಳಿಸಿದ ವರ್ಷವೂ ಅದೇ ಅಲ್ಲವೆ? 1923ರಲ್ಲಿ ನಾಗಪುರ ವಿಶ್ವವಿದ್ಯಾಲಯ ಬಂತು. ಕಾಮಠಿಯ ಡಿ. ಲಕ್ಷ್ಮೀನಾರಾಯಣ ಎಂಬ ಗಣಿಯ ಧಣಿಗಳು ಬಿಟ್ಟುಹೋದ ಹಣದಿಂದ 1942ರಲ್ಲಿ ಅಮರಾವತಿ ರಸ್ತೆಯಲ್ಲಿ ಅವರ ಹೆಸರಿನ ತಂತ್ರಜ್ಞಾನ ಸಂಸ್ಥೆ ಏಳಿತು. ಸ್ವಾತಂತ್ರ್ಯ ಬರುವ ಸುಮಾರಿಗೆ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ವಿಭಾಗವೂ ನೆಲೆಗೊಂಡಿತು, ಪ್ರೊ. ಎಂ.ಸಿ. ನಾಥ್ ಅಲ್ಲಿ ಹೆಸರಾದವರು.

ಆದರೆ ಕಟ್ಟಡವಿದ್ದ ಮಾತ್ರಕ್ಕೆ ಕೈಗೆ ಕೆಲಸ ಬರುವುದಿಲ್ಲ. ನಾನು ಓದಿದ ಕಾಲೇಜಿನ ಹೆಸರು ಬೇಡ, ಅದು ಈ ಊರಿನದೂ ಅಲ್ಲ. ಅಲ್ಲಿ ಕ್ರೊಮಟೋಗ್ರಫಿ ಮಾಡುವ ಗಾಜಿನ ತೊಟ್ಟಿಯೊಂದಿತ್ತು. ಮೊಣಕೈ ಉದ್ದ, ಅಂಚು ತಿಕ್ಕಿ ನುಣುಪು ಮಾಡಿದ ಮುಚ್ಚಳ, ಪರದೇಶದ ಸರಕು. ಅದರ ವಾಸಸ್ಥಾನ ಬೀಗ ಹಾಕಿದ ಬೀರು. ಇನ್‌ಸ್ಪೆಕ್ಷನ್ ಬಂದ ದಿನ ಹೊರಗೆ ಬರುತ್ತಿತ್ತು, ಒರೆಸಿ ಮೇಜಿನ ಮೇಲಿಟ್ಟು, ಸಂಜೆ ಮತ್ತೆ ಒಳಗೆ. ಒಡೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂದು ಅಟೆಂಡರಿಗೆ ಭಯ, ಅಧ್ಯಾಪಕರಿಗೆ ಅವನಿಗಿಂತ ಹೆಚ್ಚು ಭಯ. ಮೂವತ್ತು ಹುಡುಗರು ಸುತ್ತ ನಿಂತು ಬೋರ್ಡಿನ ಚಿತ್ರ ಬರೆದುಕೊಂಡೆವು, ಪರೀಕ್ಷೆಯಲ್ಲಿ ಆ ಚಿತ್ರಕ್ಕೇ ಅಂಕ ಬಂತು. ಅಮೈನೋ ಆಮ್ಲದ ನೇರಳೆ ಬಣ್ಣವನ್ನು ನಾನು ಮೊದಲು ಕಂಡದ್ದು ಡೆಮಾನ್‌ಸ್ಟ್ರೇಟರ್ ಆಗಿ ಸಂಬಳ ಎಣಿಸತೊಡಗಿದ ಮೇಲೆ. ಈಗಲೂ ಇದನ್ನು ಬರೆಯುವಾಗ ನಾಚಿಕೆಯೆನಿಸುತ್ತದೆ.

ಆ ಬಣ್ಣ ತೋರಿಸಿದ್ದು ಬೆಂಗಳೂರು. ಅದೇ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದವರು ಕೆ.ವಿ. ಗಿರಿ. ಕಾಗದದ ಕ್ರೊಮಟೋಗ್ರಫಿಗೆ ಆಳೆತ್ತರದ ಹಾಳೆ, ದೊಡ್ಡ ತೊಟ್ಟಿ, ಒಂದು ಇಡೀ ರಾತ್ರಿ ಬೇಕಾಗುತ್ತಿತ್ತು. ಉದ್ದ ಹಾಳೆಯ ಬದಲು ದುಂಡು ಕಾಗದ ಬಳಸಬಹುದೆಂದು ರಟ್ಟರ್ ಎಂಬವರು 1948ರಲ್ಲಿಯೇ ಇಂಗ್ಲೆಂಡಿನಲ್ಲಿ ತೋರಿಸಿದ್ದರು. ಗಿರಿಯವರು ಅದನ್ನು ಕೈಗೆತ್ತಿಕೊಂಡು, ಯಾವ ಅಮೈನೋ ಆಮ್ಲ ಎಲ್ಲಿ ನಿಲ್ಲುತ್ತದೆಂದು ಗುರುತಿಸುವ ಕ್ರಮವನ್ನು ಬೆಳೆಸಿದರು. ಅವರೂ ಎನ್.ಎ.ಎನ್. ರಾವ್ ಅವರೂ ಬರೆದ ಪುಟ್ಟ ಲೇಖನ 1952ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನೆನಪಿಡಿ ಎಂದು ಹೇಳಿದ್ದ ಇಸವಿ ಇದು. ಗುರುತಿಸಿದರೆ ಸಾಲದು, ಎಷ್ಟಿದೆಯೆಂದು ಅಳೆಯುವುದು ಹೇಗೆಂಬುದನ್ನು ಎ.ಎನ್. ರಾಧಾಕೃಷ್ಣನ್, ಸಿ.ಎಸ್. ವೈದ್ಯನಾಥನ್ ಅವರೊಡನೆ ಅದೇ ವರ್ಷ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಸ್ಟಾಕ್‌ಹೋಮಿನಲ್ಲಿ ಮಾರ್ಟಿನ್ ಮತ್ತು ಸಿಂಜ್ ಪದಕ ಪಡೆದ ವರ್ಷದಲ್ಲಿ ಬೆಂಗಳೂರಿನಲ್ಲಿ ಅವರ ವಿದ್ಯೆ ಒಂದು ತಟ್ಟೆಯೊಳಗೆ ಬಂದು ಕೂತಿತು.

ಮಾಡುವ ಬಗೆ ಹೀಗೆ. ಊಟದ ತಟ್ಟೆಯಷ್ಟು ಅಗಲದ ದುಂಡು ಸೋಸುಕಾಗದ ತೆಗೆದುಕೊಳ್ಳಿ. ನಡುವೆ ಪೆನ್ಸಿಲಿನಿಂದ ಸಣ್ಣ ಬಳೆಯಷ್ಟು ವೃತ್ತ ಎಳೆದು, ಅದರ ಮೇಲೆ ಸಮದೂರದಲ್ಲಿ ಚುಕ್ಕೆ ಗುರುತು ಹಾಕಿ. ರಂಗೋಲಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಚುಕ್ಕೆಯ ಮೇಲೆ ಗೊತ್ತಿರುವ ಅಮೈನೋ ಆಮ್ಲ, ಪಕ್ಕದ್ದರ ಮೇಲೆ ಗೊತ್ತಿಲ್ಲದ ದ್ರಾವಣ, ಹೀಗೆ ಒಂದು ಬಿಟ್ಟು ಒಂದು. ಕೇಂದ್ರದಲ್ಲಿ ತೂತು ಮಾಡಿ ಕಾಗದದ ಬತ್ತಿ ಇಳಿಬಿಡಬೇಕು. ಕೆಳಗಿನ ಗಾಜಿನ ತಟ್ಟೆಯಲ್ಲಿ ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು ಬೆರೆಸಿದ ದ್ರಾವಕ, ಮೇಲೆ ಇನ್ನೊಂದು ತಟ್ಟೆ ಬೋರಲು. ಹಣತೆಯ ಬತ್ತಿ ಎಣ್ಣೆ ಹೀರುವಂತೆ ದ್ರಾವಕ ಬತ್ತಿಯಲ್ಲಿ ಏರಿ ದುಂಡಗೆ ಹರಡುತ್ತ ಹೋಗುತ್ತದೆ, ಒಂದೊಂದು ಆಮ್ಲವನ್ನು ಅದರ ಅದರ ಶಕ್ತ್ಯಾನುಸಾರ ಹೊತ್ತೊಯ್ಯುತ್ತದೆ. ಕೆಲವು ಗಂಟೆಗಳ ಮೇಲೆ ತೆಗೆದು ಒಣಗಿಸಿ, ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದರೆ ಬಿಳಿಯ ಕಾಗದದ ಮೇಲೆ ಒಂದರ ಹೊರಗೊಂದು ನೇರಳೆ ಕಮಾನುಗಳು ಮೂಡುತ್ತವೆ, ಪ್ರೋಲೀನ್ ಒಂದು ಮಾತ್ರ ಹಳದಿ. ಗೊತ್ತಿಲ್ಲದ್ದರ ಕಮಾನು ಗೊತ್ತಿರುವುದರ ಕಮಾನಿಗೆ ನೇರ ಕೂಡಿದರೆ ಅದೂ ಇದೂ ಒಂದೇ. ಇಲ್ಲಿ ಪರದೇಶದ ತೊಟ್ಟಿ ಬೇಕಿಲ್ಲ, ಬೀಗ ಬೇಕಿಲ್ಲ. ಒಡೆದರೆ ಒಂದು ತಟ್ಟೆ ಹೋಯಿತು.

ಈ ಕ್ರಮವನ್ನು ಓದಿದ ಮರುದಿನವೇ ನಾನು ಮಾಡಿ ನೋಡಿದೆ. ಮೊದಲನೆಯ ಕಾಗದ ಕೆಟ್ಟಿತು, ಬತ್ತಿ ದಪ್ಪವಾಗಿತ್ತು. ಎರಡನೆಯದರ ಚುಕ್ಕೆ ದೊಡ್ಡದಾಗಿ ಕಮಾನುಗಳು ಒಂದರ ಮೇಲೊಂದು ಬಿದ್ದವು. ಮೂರನೆಯದರಲ್ಲಿ ನನ್ನ ಹೆಬ್ಬೆರಳಿನ ಗುರುತು ಎಲ್ಲಕ್ಕಿಂತ ಚೆನ್ನಾಗಿ ಮೂಡಿತು! ನಾಲ್ಕನೆಯದು ಸರಿಹೋಯಿತು. ಆ ವರ್ಷದಿಂದ ನಮ್ಮಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಕಾಗದ. ಮೊದಲ ಮೂರು ಕೆಡುತ್ತವೆ, ಕೆಡಲಿ ಎಂದು ಹೇಳಿಯೇ ಕೊಡುತ್ತಿದ್ದೆ.

ಅಮೈನೋ ಆಮ್ಲ ಗಟ್ಟಿ ಜೀವ, ಬಿಸಿಗೆ ಜಗ್ಗದು. ಕಿಣ್ವಗಳು ಹಾಗಲ್ಲ. ಹುರುಳಿಯಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ, ಹಿಟ್ಟು ಮಾಡಿ ನೆನೆಸಿ, ಸೋಸಿ, ಹಂತಹಂತವಾಗಿ ಅದನ್ನು ಶುದ್ಧಮಾಡುವುದು ಕಲಿಯುವವರಿಗೆ ಒಳ್ಳೆಯ ಅಭ್ಯಾಸ. ಆದರೆ ಆದ್ಯಂತ ತಂಪಿನಲ್ಲಿಯೇ ನಡೆಯಬೇಕು. ನಾಗಪುರದ ಏಪ್ರಿಲ್ ತಿಂಗಳು ಯಾರಿಗೆ ಗೊತ್ತಿಲ್ಲ? ಶೀತಕೋಣೆ ನಮಗೆಲ್ಲಿಂದ ಬರಬೇಕು? ಕಬ್ಬಿನ ಹಾಲಿನ ಗಾಡಿಯವನಿಗೆ ಬರ್ಫು ಹಾಕುವವನನ್ನು ಗೊತ್ತುಮಾಡಿಕೊಂಡು, ಬೆಳಿಗ್ಗೆ ಏಳಕ್ಕೆ ಒಂದು ಚಪ್ಪಡಿ ತರಿಸಿ, ಗೋಣಿಚೀಲದಲ್ಲಿ ಸುತ್ತಿ, ಬಕೆಟ್ಟಿನಲ್ಲಿಟ್ಟು ಕೆಲಸ ಮಾಡುತ್ತಿದ್ದೆವು. ಹನ್ನೊಂದರೊಳಗೆ ಮುಗಿಯದಿದ್ದರೆ ಕಿಣ್ವವೂ ಇಲ್ಲ, ಬರ್ಫೂ ಇಲ್ಲ.

ಹುಡುಗರು ಗೊಣಗಿದಾಗ ನಾನು ಸಮ್ನರನ ಕಥೆ ಹೇಳುತ್ತಿದ್ದೆ. ಅಮೆರಿಕದ ಜೇಮ್ಸ್ ಸಮ್ನರ್ ಎಡಚ, ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಆ ಎಡಗೈಯನ್ನೇ ಕಳೆದುಕೊಂಡವನು. ಒಂದು ಕೈಯವನಿಗೆ ರಸಾಯನಶಾಸ್ತ್ರ ಆಗದು ಎಂದು ದೊಡ್ಡ ಪ್ರಾಧ್ಯಾಪಕರೊಬ್ಬರು ಬುದ್ಧಿವಾದ ಹೇಳಿದ್ದರು. ಅವರೆಯ ಜಾತಿಯ ಒಂದು ಕಾಳಿನಿಂದ ಇದೇ ಯೂರಿಯೇಸನ್ನು ಬಿಡಿಸಲು ಅವನು ಒಂಬತ್ತು ವರ್ಷ ತೆಗೆದುಕೊಂಡನು. ತಂಪಿಗೆ ಅವನ ಬಳಿಯೂ ತಕ್ಕ ಸೌಕರ್ಯವಿರಲಿಲ್ಲ, ಪಾತ್ರೆಯನ್ನು ರಾತ್ರಿ ಕಿಟಕಿಯ ಹೊರಗಿಡುತ್ತಿದ್ದನು. 1926ರಲ್ಲಿ ಹರಳು ಸಿಕ್ಕಿತು, ಕಿಣ್ವವೆಂದರೆ ಪ್ರೋಟೀನು ಎಂದು ಮೊದಲ ಬಾರಿಗೆ ತಿಳಿಯಿತು. ತಿಳಿದವರು ನಂಬಲು ಇನ್ನೂ ವರ್ಷಗಳಾದವು. ನೊಬೆಲ್ 1946ರಲ್ಲಿ. "ಸರ್, ಅಮೆರಿಕದ ಕಿಟಕಿ ಬೇರೆ, ನಾಗಪುರದ ಕಿಟಕಿ ಬೇರೆ" ಎಂದು ಒಬ್ಬ ಹುಡುಗ ಹೇಳಿದ್ದ. ಅವನ ಮಾತೂ ಸರಿಯೇ.

ಈಗ ಕಾಲ ಬದಲಾಗಿದೆ. ಜೆಲ್ ತುಂಬಿದ ಸಿದ್ಧ ಕೊಳವೆಗಳು, ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಓಡಿಸಿ ಗಾತ್ರದ ಪ್ರಕಾರ ಸಾಲು ನಿಲ್ಲಿಸುವ ಯಂತ್ರಗಳು ಸಾಮಾನ್ಯವಾಗಿವೆ. ಪೊಟ್ಟಣ ಬಿಚ್ಚಿ, ಬಾಟಲಿ ಒಂದು, ಎರಡು, ಮೂರು ಎಂದು ಸುರಿದರೆ ಅರ್ಧ ಗಂಟೆಯಲ್ಲಿ ಡಿ.ಎನ್.ಎ. ಕೈಗೆ ಬರುತ್ತದೆ. ಬಾಟಲಿಯಲ್ಲಿ ಏನಿದೆಯೆಂದು ಕೇಳಿದರೆ ಕಲಿಸುವವರೇ ಲೇಬಲ್ಲು ನೋಡುವುದನ್ನು ಕಂಡಿದ್ದೇನೆ. ಮೊಬೈಲಿನಲ್ಲಿ ಚಿತ್ರ ನೋಡಿ ಪ್ರಾಕ್ಟಿಕಲ್ ಮುಗಿಸುವುದೂ ಇದೆ. ನಮ್ಮ ಕಾಲದ ಬೋರ್ಡಿನ ಚಿತ್ರಕ್ಕೂ ಇದಕ್ಕೂ ಬಣ್ಣವೊಂದೇ ವ್ಯತ್ಯಾಸ. ಹಾಗಿರುವಾಗ ಸಿವಿಲ್ ಲೈನ್ಸಿನ ಈ ಕಾಲೇಜಿನಲ್ಲಿ ಹತ್ತು ದಿನ ಹುಡುಗ ಹುಡುಗಿಯರನ್ನು ಕೂರಿಸಿ, ಹಾಲು ಒಡೆಸುವುದರಿಂದ ಆರಂಭಿಸಿ ಕಾಗದದವರೆಗೆ ಅವರ ಕೈಯಿಂದಲೇ ಮಾಡಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಮರುವಾರ ಆ ಹುಡುಗಿ ಒಬ್ಬಳೇ ಬಂದಳು. ಬೆರಳು ತಿಳಿಯಾಗಿತ್ತು. ಪುಸ್ತಕದ ನಡುವೆ ಇಟ್ಟುಕೊಂಡಿದ್ದ ದುಂಡು ಕಾಗದವನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಕಮಾನುಗಳು ಆಗಲೇ ಮಾಸತೊಡಗಿದ್ದವು, ಒಂದು ಕಡೆ ಸ್ವಲ್ಪ ಓರೆಯಾಗಿದ್ದವು.

"ಎಷ್ಟನೇದು ಇದು?" ಎಂದು ಕೇಳಿದೆ.

"ಐದನೇದ್ರಿ ಅಜ್ಜಾ. ಅವ್ವ ದೇವರ ಮನಿ ಬಾಗಲಕ್ಕ ಹಚ್ಚೂಣು ಅಂತಾಳ, ರಂಗೋಲಿ ಕಂಡಂಗ ಕಾಣ್ತತಿ ಅಂತ."

ಬಿಸಿಲು ಬೀಳದ ಕಡೆ ಹಚ್ಚು ಎಂದು ಹೇಳಿ ಕಳಿಸಿದೆ.